ಬಿಸಿಲು ಬೀಳುವ ಮುಂಬಾಗಿಲಿಗೆ ಯಾವ ಪಾಲಿಶ್?

ಪ್ರಶ್ನೆ: ತೇಗದ ಮರದಲ್ಲಿ ಮುಂಬಾಗಿಲು ಮಾಡಿಸಿದ್ದೇವೆ. 7 ಅಡಿ ಎತ್ತರದ ಪ್ಯಾನೆಲ್ ಬಾಗಿಲು. ಮನೆ ಪಶ್ಚಿಮಕ್ಕೆ ಮುಖ ಮಾಡಿದೆ, ಮಧ್ಯಾಹ್ನದಿಂದ ಸಂಜೆವರೆಗೂ ನೇರ ಬಿಸಿಲು. ಮೇಲೆ 2 ಅಡಿಯ ಸಜ್ಜಾ ಇದೆ. ಫ್ರೆಂಚ್ ಪಾಲಿಶ್ ಸಾಕು ಎನ್ನುತ್ತಾರೆ ಬಡಗಿ. ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆಸಿದರೆ ಹತ್ತು ವರ್ಷ ತಿರುಗಿ ನೋಡೋದೇ ಬೇಡ ಎನ್ನುತ್ತಾರೆ ಪೇಂಟರ್. ವರ್ಷಕ್ಕೊಂದು ಸಲ ಎಣ್ಣೆ ಒರೆಸಿದರೆ ಆಯ್ತು ಎನ್ನುತ್ತಾರೆ ನಮ್ಮ ಚಿಕ್ಕಪ್ಪ. ನಮಗೆ ಮರದ ಬಣ್ಣ, ಗೆರೆ ಕಾಣಬೇಕು, ಪೇಂಟ್ ಬೇಡ. ಬಾಗಿಲು ಇನ್ನೂ ಕೂರಿಸಿಲ್ಲ. ಒಳಮುಖಕ್ಕೆ ಬಡಗಿ ಆಗಲೇ ಒಂದು ಕೈ ಫ್ರೆಂಚ್ ಪಾಲಿಶ್ ಹಚ್ಚಿಬಿಟ್ಟಿದ್ದಾರೆ. ಈಗ ಏನು ಮಾಡಬೇಕು?

ಉತ್ತರ: ಬಾಗಿಲು ಇನ್ನೂ ಕೂರಿಸಿಲ್ಲ ಅಂದಿರಲ್ಲ, ಒಳ್ಳೆಯದಾಯಿತು. ಈ ಕೆಲಸದಲ್ಲಿ ಮುಖ್ಯವಾದದ್ದೆಲ್ಲ ಕೂರಿಸುವ ಮೊದಲೇ ಆಗಬೇಕು. ಬಡಗಿಯ ಸಲಹೆಯನ್ನು ಹೊರಮುಖದ ಮಟ್ಟಿಗೆ ಬಿಟ್ಟೇಬಿಡಿ. ಪೇಂಟರ್ ಹೇಳಿದ್ದು ನೆರಳಿನಲ್ಲಿರುವ ಬಾಗಿಲಿಗೆ ಸರಿಹೋದೀತು, ನಿಮ್ಮದಕ್ಕೆ ಕಷ್ಟ. ಚಿಕ್ಕಪ್ಪನವರ ಮಾತೇ ನಿಮ್ಮ ಬಾಗಿಲಿಗೆ ಹತ್ತಿರದ್ದು, ಆದರೆ ಯಾವ ಎಣ್ಣೆ ಅನ್ನುವುದರಲ್ಲೇ ಎಲ್ಲ ಇದೆ. ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಬಣ್ಣ ಬೆರೆತ, ಮರದೊಳಕ್ಕೆ ಇಳಿಯುವ, ಹೊರಾಂಗಣಕ್ಕೆಂದೇ ಮಾಡಿದ ವುಡ್ ಆಯಿಲ್ ಅಥವಾ ವುಡ್ ಸ್ಟೇನ್. ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ. ಯಾಕೆ ಅಂತ ಈಗ ಹೇಳುತ್ತೇನೆ. ಯಾಕೆಂದರೆ ಅಂಗಡಿಗೆ ಹೋದ ತಕ್ಷಣ ಇದಕ್ಕೆ ತದ್ವಿರುದ್ಧ ಹೇಳುವವರು ಖಂಡಿತ ಸಿಗುತ್ತಾರೆ.

ಎಲ್ಲರೂ ಕೇಳುವುದು ಯಾವುದು ಜಾಸ್ತಿ ವರ್ಷ ಬಾಳಿಕೆ ಬರುತ್ತೆ ಅಂತ. ಬಿಸಿಲಿಗೆ ನಿಂತ ಬಾಗಿಲಿನ ವಿಷಯದಲ್ಲಿ ನಾನು ಕೇಳುವ ಪ್ರಶ್ನೆ ಬೇರೆ: ಹಾಳಾಗುವಾಗ ಅದು ಹೇಗೆ ಹಾಳಾಗುತ್ತದೆ, ಮತ್ತೆ ಸರಿ ಮಾಡಲು ಎಷ್ಟು ಪಾಡು ಪಡಬೇಕು? ಮರ ಕಾಣುವಂಥ ಯಾವ ಲೇಪವೂ ಹೊರಗಡೆ ಶಾಶ್ವತವಲ್ಲ. ಕೆಲವು ನಿಧಾನಕ್ಕೆ ಮಾಸುತ್ತವೆ. ಒಂದು ರಜೆಯ ದಿನ ತೊಳೆದು, ಒಣಗಿದ ಮೇಲೆ ಇನ್ನೊಂದು ಕೈ ಹಚ್ಚಿದರೆ ಮುಗಿಯಿತು. ಕೆಲವು ಬಿರುಕು ಬಿಟ್ಟು ಸಿಪ್ಪೆ ಏಳುತ್ತವೆ. ಆಗ ಇಡೀ ಬಾಗಿಲನ್ನು ಮರ ಕಾಣುವವರೆಗೆ ಕೆರೆದು ಮೊದಲಿನಿಂದ ಶುರು ಮಾಡಬೇಕು. ಪ್ಯಾನೆಲ್‌ನ ಮೂಲೆ, ಪಟ್ಟಿಯ ಸಂದು, ಕೆತ್ತನೆ ಏನಾದರೂ ಇದ್ದರೆ ಅದರ ಒಳಗಿನಿಂದ ಹಳೇ ವಾರ್ನಿಶ್ ತೆಗೆಯುವುದು ಎಂಥ ಕೆಲಸ ಅಂತ ಅದನ್ನು ಮಾಡಿದವರನ್ನೇ ಕೇಳಬೇಕು.

ಬಿಸಿಲು ಮರಕ್ಕೆ ಮಾಡುವುದೇನು ಅಂತ ಸ್ವಲ್ಪ ನೋಡೋಣ, ಆಮೇಲೆ ಡಬ್ಬಿ ಆರಿಸುವುದು ಸುಲಭ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಇದೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಅದು ಹೀರಿಕೊಳ್ಳುತ್ತದೆ, ಹೀರಿಕೊಂಡು ಒಡೆಯುತ್ತದೆ. ಒಡೆದದ್ದು ನೀರಿನಲ್ಲಿ ಕರಗುವುದರಿಂದ ಮಳೆಗೆ ತೊಳೆದು ಹೋಗುತ್ತದೆ. ಉಳಿಯುವುದು ಬರೀ ಸೆಲ್ಯುಲೋಸ್ ನಾರು, ಬೂದು ಬಣ್ಣದ್ದು. ಅದರ ಮೇಲೆ ಬೂಷ್ಟು ಕೂತರೆ ಕಪ್ಪಾಗುತ್ತದೆ. ಇದೆಲ್ಲ ನಡೆಯುವುದು ತೀರಾ ಮೇಲ್ಮೈಯಲ್ಲಿ. ಅತಿನೇರಳೆ ಕಿರಣ ಮರದೊಳಗೆ ಇಳಿಯುವುದು ಸುಮಾರು 75 ಮೈಕ್ರಾನ್, ಕಣ್ಣಿಗೆ ಕಾಣುವ ಬೆಳಕು ಸುಮಾರು 200 ಮೈಕ್ರಾನ್. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್, ಲೆಕ್ಕ ಹಾಕಿಕೊಳ್ಳಿ.

ಹಾಗಾಗಿ ಮರ ಗಟ್ಟಿತನ ಕಳೆದುಕೊಳ್ಳುತ್ತದೆ ಅನ್ನುವ ಭಯ ಬೇಡ. ಏನೂ ಹಚ್ಚದೆ ಬಿಸಿಲು ಮಳೆಗೆ ಬಿಟ್ಟರೂ ಗಟ್ಟಿ ಜಾತಿಯ ಮರ ನೂರು ವರ್ಷದಲ್ಲಿ ಸವೆಯುವುದು ಸುಮಾರು 3 ಮಿಲಿಮೀಟರ್, ಪೈನ್‌ನಂಥ ಮೆತ್ತನೆ ಮರವಾದರೆ 6 ಮಿಲಿಮೀಟರ್. ತೇಗವಂತೂ ತನ್ನೊಳಗಿನ ಎಣ್ಣೆ, ರಾಳದ ಬಲದಿಂದ ತಾನೇ ತಡೆದುಕೊಳ್ಳುವ ಮರ. ಬೂದು ಬಣ್ಣ ಇಷ್ಟವಿದ್ದವರು ಏನೂ ಹಚ್ಚದೆ ಬಿಡಬಹುದು, ಅದೂ ಒಂದು ದಾರಿಯೇ. ಆದರೆ ನೀವು ಹಚ್ಚುವ ಲೇಪ ಅಂಟಿಕೊಂಡು ಕೂರುವುದು ಇದೇ ತೆಳು ಪದರದ ಮೇಲೆ. ಅದು ಸತ್ತರೆ ಲೇಪಕ್ಕೆ ಕಾಲಿಡಲು ಜಾಗ ಇರುವುದಿಲ್ಲ.

ಬಣ್ಣವಿಲ್ಲದ ವಾರ್ನಿಶ್ ಬಿಸಿಲಿನ ಪಾಲಿಗೆ ಕಿಟಕಿಯ ಗಾಜು ಇದ್ದಂತೆ. ನೀರನ್ನು ತಡೆಯುತ್ತದೆ, ಬೆಳಕನ್ನು ಒಳಗೆ ಬಿಡುತ್ತದೆ. ಬೆಳಕು ಹೋಗಿ ವಾರ್ನಿಶ್‌ನ ಕೆಳಗಿರುವ ಮರದ ಪದರವನ್ನು ಕೊಲ್ಲುತ್ತದೆ. ಪಶ್ಚಿಮದ ಬಿಸಿಲಿಗೆ ನಿಂತ, ಮೂರ್ನಾಲ್ಕು ವರ್ಷ ಹಳೆಯ ವಾರ್ನಿಶ್ ಬಾಗಿಲು ಎಲ್ಲಾದರೂ ಸಿಕ್ಕರೆ ಹತ್ತಿರ ಹೋಗಿ ನೋಡಿ. ಮೇಲ್ಭಾಗ ಹೊಳೆಯುತ್ತಾ ಚೆನ್ನಾಗೇ ಇರುತ್ತದೆ. ಕೆಳಗಿನ ಅಡ್ಡಪಟ್ಟಿಯ ಹತ್ತಿರ ಕೂದಲೆಳೆಯಷ್ಟು ಬಿರುಕುಗಳು, ಅವುಗಳ ಸುತ್ತ ಹಾಲು ಬಣ್ಣದ ಮಚ್ಚೆ. ಅಲ್ಲಿ ಉಗುರು ಹಾಕಿದರೆ ಪೊರೆ ಚಕ್ಕಂತ ಏಳುತ್ತದೆ. ಎದ್ದ ಪೊರೆಯನ್ನು ತಿರುಗಿಸಿ ಬೆಳಕಿಗೆ ಹಿಡಿಯಿರಿ, ಹಿಂಬದಿಯಲ್ಲಿ ಮರದ ಸಣ್ಣ ಸಣ್ಣ ನಾರು ಅಂಟಿಕೊಂಡಿರುತ್ತದೆ. ಅಂದರೆ ವಾರ್ನಿಶ್ ಮರವನ್ನು ಬಿಟ್ಟದ್ದಲ್ಲ, ಮರವೇ ಮರವನ್ನು ಬಿಟ್ಟಿದ್ದು. ಇಂಥ ಕಡೆ ಮೇಲಿಂದ ಮೇಲೆ ಎಷ್ಟು ಕೋಟ್ ಹೊಡೆದರೂ ವ್ಯರ್ಥ.

ಇನ್ನು ನೀರು. ಮರ ಗಾಳಿಯ ತೇವ ಹೆಚ್ಚಾದಾಗ ಹಿಗ್ಗುತ್ತದೆ, ಒಣ ದಿನಗಳಲ್ಲಿ ಕುಗ್ಗುತ್ತದೆ, ಅದೂ ಅಗಲ, ದಪ್ಪದಲ್ಲಿ ಮಾತ್ರ. ಉದ್ದದಲ್ಲಿ ಆಗುವ ವ್ಯತ್ಯಾಸ ಲೆಕ್ಕಕ್ಕಿಲ್ಲ. ತೇಗ ಈ ವಿಷಯದಲ್ಲಿ ಸಾಧು ಮರ. ಹಸಿ ಮರ ಪೂರ್ತಿ ಒಣಗುವ ಹೊತ್ತಿಗೆ, ಕೊಯ್ದ ದಿಕ್ಕು ನೋಡಿಕೊಂಡು, ಶೇ. 2.5ರಿಂದ 6ರವರೆಗೆ ಕುಗ್ಗುತ್ತದೆ. ಆದರೂ ಕುಗ್ಗುತ್ತದೆ ಅನ್ನುವುದು ನಿಜ. ಅದಕ್ಕೇ ಹೊರಗಿನ ಲೇಪ ಮರದ ಜೊತೆ ಬಾಗುವಂಥದ್ದಾಗಿರಬೇಕು. ಗಡಸು ಲೇಪ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ಇಳಿದ ನೀರು ಹೊರಗೆ ಬರಲಾಗದೆ ಪೊರೆಯ ಕೆಳಗೇ ಕೂತು ಕಪ್ಪು ಕಲೆ ಮಾಡುತ್ತದೆ.

ಈಗ ಸಜ್ಜಾದ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾಹಿತಿ ಅದೇ. ಬಾಗಿಲು ತಯಾರಿಸುವವರು ಬಳಸುವ ಒಂದು ಅಂದಾಜು ಇದೆ: ಬಾಗಿಲಿನ ಬುಡದಿಂದ ಸಜ್ಜಾದ ತಳದವರೆಗೆ ಎಷ್ಟು ಎತ್ತರವೋ, ಸಜ್ಜಾ ಕನಿಷ್ಠ ಅದರ ಅರ್ಧದಷ್ಟಾದರೂ ಮುಂದಕ್ಕೆ ಚಾಚಿರಬೇಕು. ನಿಮ್ಮ ಲೆಕ್ಕದಲ್ಲಿ ಸಜ್ಜಾ ಬಾಗಿಲಿನ ನೆತ್ತಿಯಲ್ಲೇ ಇದೆ ಅಂದುಕೊಂಡರೂ ಮೂರೂವರೆ ಅಡಿ ಬೇಕು, ಇರುವುದು 2 ಅಡಿ. ಬಿಸಿಲು ಕಟುವಾಗಿರುವ ದಿಕ್ಕಿನಲ್ಲಿ ಅರ್ಧವೂ ಸಾಲದು, ಎತ್ತರದಷ್ಟೇ ಚಾಚಿರಬೇಕು ಎನ್ನುವವರೂ ಇದ್ದಾರೆ. ಪಶ್ಚಿಮದ ಬಿಸಿಲು ಹೇಗೂ ಓರೆಯಾಗಿ ಕೆಳಗಿಂದ ಬರುತ್ತದೆ, ಅದನ್ನು ಸಜ್ಜಾ ಪೂರ್ತಿ ತಡೆಯಲಾರದು. ಮುಂದೆ ಯಾವತ್ತಾದರೂ ಒಂದು ಮುಂಚಾವಣಿ ಇಳಿಸಲು ಅನುಕೂಲವಾದರೆ ಇಳಿಸಿ. ಯಾವ ದುಬಾರಿ ಡಬ್ಬಿಯೂ ನೆರಳಿನಷ್ಟು ಕೆಲಸ ಮಾಡುವುದಿಲ್ಲ. ಸದ್ಯಕ್ಕೆ ನಿಮ್ಮ ಬಾಗಿಲು ಬಯಲಿನಲ್ಲಿ ನಿಂತ ಬಾಗಿಲು ಅಂತಲೇ ಲೆಕ್ಕ.

ಹಾಗಿದ್ದಾಗ ಫ್ರೆಂಚ್ ಪಾಲಿಶ್ ಹೊರಗೆ ಯಾಕೆ ಬೇಡ? ಅದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಒಳಗಿನ ಪೀಠೋಪಕರಣಕ್ಕೆ ಅದರಷ್ಟು ಚೆಂದ ಕಾಣುವುದು ಕಡಿಮೆ, ನನಗೂ ಇಷ್ಟವೇ. ಆದರೆ ನೀರು ನಿಂತರೆ ಬೆಳ್ಳಗಾಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಒಂದು ಮಳೆಗಾಲ ದಾಟುವುದಿಲ್ಲ. ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್, ಮೆಲಮೈನ್ ಪಾಲಿಶ್ ಇವೂ ಹಾಗೇ, ಒಳಗಿನ ಕೆಲಸಕ್ಕೆ ಮಾಡಿದವು. ಮೆಲಮೈನ್ ನೋಡಲು ಗಟ್ಟಿಮುಟ್ಟು, ಅದೇ ಅದರ ಕಷ್ಟ ಕೂಡ. ಬಾಗುವುದಿಲ್ಲ, ಬಿರಿಯುತ್ತದೆ.

ಪಿಯು ಅಂದರೆ ಒಂದೇ ವಸ್ತು ಅಲ್ಲ, ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಒಳಾಂಗಣದ ಪಿಯು ಬೇರೆ, ಹೊರಾಂಗಣದ್ದು ಬೇರೆ. ಎರಡು ಡಬ್ಬಿ ಬೆರೆಸುವ ಪಿಯುನಲ್ಲಿ ಗಟ್ಟಿಯಾಗಿಸುವ ಹಾರ್ಡನರ್ ಎರಡು ಬಗೆ: ಅರೋಮ್ಯಾಟಿಕ್ ಮತ್ತು ಅಲಿಫ್ಯಾಟಿಕ್. ಮೊದಲನೆಯದು ಅಗ್ಗ, ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಎರಡನೆಯದು ಬಿಸಿಲು ತಡೆಯುತ್ತದೆ. ಪೇಂಟರ್ ಪಿಯು ಅಂದರೆ ಡಬ್ಬಿ ತೋರಿಸಿ ಅನ್ನಿ. ಹೊರಾಂಗಣಕ್ಕೆ ಅಂತ ಬರೆದಿದೆಯಾ, ಅಲಿಫ್ಯಾಟಿಕ್ ಅಂತ ಇದೆಯಾ ನೋಡಿ. ಸುಮ್ನೆ "ವಾಟರ್‌ಪ್ರೂಫ್" ಅಂತಿದ್ದರೆ ಅದು ಬಿಸಿಲಿನ ಬಗ್ಗೆ ಏನೂ ಹೇಳಲಿಲ್ಲ. ಒಳ್ಳೆಯ ಹೊರಾಂಗಣ ಪಿಯು ನಾಲ್ಕಾರು ವರ್ಷ ತುಂಬ ಸೊಗಸಾಗಿ ಇರಬಹುದು, ನೆರಳಿದ್ದರೆ ಇನ್ನೂ ಜಾಸ್ತಿ. ಸೋತಾಗ ಮಾತ್ರ ಪೂರ್ತಿ ಕೆರೆಯಬೇಕು. ಅದರ ಹಳೇ ಪೊರೆ ಥಿನ್ನರ್‌ಗೂ ಬಗ್ಗುವುದಿಲ್ಲ, ಮಷೀನ್ ಹಿಡಿದೇ ತೆಗೆಯಬೇಕು. ಇನ್ನೊಂದು ಮಾತು: ಎರಡು ಡಬ್ಬಿಯ ಪಿಯುನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಹೊಡೆಯುವಾಗ ಅದನ್ನು ಉಸಿರಾಡಿದರೆ ಆಸ್ತಮಾ ಅಂಟಿಕೊಳ್ಳಬಹುದು. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಅದಕ್ಕೆ ತಕ್ಕ ಮಾಸ್ಕ್ ಬೇಕು, ಮನೆಯವರು ಆಚೆ ಇರಬೇಕು.

ಹಡಗು, ದೋಣಿಗಳ ಮರಕ್ಕೆ ಹಚ್ಚುವ ಮರೀನ್ ವಾರ್ನಿಶ್ ಅಥವಾ ಸ್ಪಾರ್ ವಾರ್ನಿಶ್ ಅನ್ನುವುದೂ ಉಂಟು. ಇದರಲ್ಲಿ ರಾಳಕ್ಕೆ ಹೋಲಿಸಿದರೆ ಎಣ್ಣೆಯ ಪಾಲು ಜಾಸ್ತಿ, ಹಾಗಾಗಿ ಬಾಗುತ್ತದೆ. ಒಳ್ಳೆಯ ಕಂಪನಿಯದಾದರೆ ಅತಿನೇರಳೆ ಕಿರಣ ಹೀರುವ ವಸ್ತುವನ್ನೂ ಸೇರಿಸಿರುತ್ತಾರೆ. ಆ ವಸ್ತು ಬಿಸಿಲು ತಿನ್ನುತ್ತಾ ತಾನೂ ಮುಗಿಯುತ್ತಾ ಹೋಗುತ್ತದೆ. ಅದಕ್ಕೇ ದೋಣಿಯವರು ಎರಡು ಕೋಟ್‌ಗೆ ನಿಲ್ಲಿಸುವುದಿಲ್ಲ. ಆರು, ಎಂಟು ಕೋಟ್ ಹಚ್ಚುತ್ತಾರೆ, ಆಮೇಲೆ ಪ್ರತಿ ವರ್ಷ ಲಘುವಾಗಿ ಉಜ್ಜಿ ಮೇಲೆ ಒಂದೆರಡು ಕೋಟ್ ಕೊಡುತ್ತಾರೆ. ಹೊಳಪು ಮಾಸುವ ಮೊದಲೇ ಕೊಡಬೇಕು, ಬಿರುಕು ಕಂಡ ಮೇಲಲ್ಲ. ಈ ಶಿಸ್ತು ನಿಮಗಿದ್ದರೆ ಇದರಷ್ಟು ಚೆಂದದ್ದು ಇನ್ನೊಂದಿಲ್ಲ. ಇಲ್ಲದಿದ್ದರೆ ಮೂರನೇ ವರ್ಷಕ್ಕೆ ನಾನು ಮೇಲೆ ಹೇಳಿದ ಸಿಪ್ಪೆಯೇ ಗತಿ. ಹೊಳಪು ಕಡಿಮೆ ಬೇಕಾದವರಿಗೆ ಒಂದು ಉಪಾಯ: ಕೆಳಗಿನ ಕೋಟ್‌ಗಳನ್ನೆಲ್ಲ ಹೊಳಪಿನದ್ದರಲ್ಲೇ ಕೊಟ್ಟು ಕೊನೆಯದನ್ನು ಮಾತ್ರ ಅರೆಹೊಳಪಿನ ಸ್ಯಾಟಿನ್ ಮಾಡಿಸಿ.

ನೀರು ಆಧಾರದ ಹೊರಾಂಗಣ ಲೇಪಗಳೂ ಈಗ ಚೆನ್ನಾಗಿ ಬರುತ್ತಿವೆ. ವಾಸನೆ ಕಡಿಮೆ, ಬೇಗ ಒಣಗುತ್ತವೆ, ಹಳದಿಯಾಗುವುದಿಲ್ಲ. ತೇಗದ ಮೇಲೆ ಮಾತ್ರ ಸ್ವಲ್ಪ ಸಪ್ಪೆಯಾಗಿ ಕಾಣುತ್ತವೆ, ಎಣ್ಣೆ ಕೊಡುವ ಆ ಜೇನು ಬಣ್ಣ ಬರುವುದಿಲ್ಲ. ಇಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ರಾಳ) ಸುರಿದು ಗಾಜಿನ ಹಾಗೆ ಮಾಡಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಇಪಾಕ್ಸಿ ಬಿಸಿಲಿಗೆ ತಾನೇ ಹಳದಿಯಾಗಿ ಪುಡಿಯಾಗುತ್ತದೆ. ಆದರೆ ಬಾಗಿಲಿನ ಬುಡದ ಅಂಚಿಗೆ, ಅಂದರೆ ಬಿಸಿಲು ಬೀಳದ ಜಾಗಕ್ಕೆ, ತೆಳುವಾದ ಇಪಾಕ್ಸಿ ಕುಡಿಸುವುದು ಒಳ್ಳೆಯ ಕೆಲಸ.

ಈಗ ಎಣ್ಣೆಗೆ ಬರೋಣ. ಅಡುಗೆಗೆ ಬಳಸುವ ಎಣ್ಣೆ ಯಾವುದೂ ಬೇಡ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ, ಹಸಿ ಹರಳೆಣ್ಣೆ ಇವೆಲ್ಲ ಒಣಗುವ ಜಾತಿಯವಲ್ಲ. ಹಚ್ಚಿದ ದಿನ ಮರ ಮಿನುಗುತ್ತದೆ, ಆಮೇಲೆ ಅಂಟುಅಂಟಾಗಿ ಧೂಳನ್ನೆಲ್ಲ ಹಿಡಿದು ಕರ್ರಗಾಗುತ್ತದೆ. ಮುಂದೆ ಏನಾದರೂ ಬೇರೆ ಹಚ್ಚೋಣ ಅಂದರೆ ಈ ಎಣ್ಣೆಯೇ ಅಡ್ಡಿ. ಅಗಸೆ ಎಣ್ಣೆ, ಟಂಗ್ ಎಣ್ಣೆ ಒಣಗುವ ಜಾತಿಯವು, ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತವೆ. ಅಂಗಡಿಯಲ್ಲಿ ಬಾಯ್ಲ್ಡ್ ಲಿನ್‌ಸೀಡ್ ಎಂದು ಸಿಗುವುದು ಬೇಗ ಒಣಗುವ ವಸ್ತು ಬೆರೆಸಿದ ಅಗಸೆ ಎಣ್ಣೆ. ಹಸಿಯದು ಒಣಗಲು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಬೇಕು. ಆದರೆ ಬರೀ ಅಗಸೆ ಎಣ್ಣೆ ಹೊರಗಡೆ ಬೂಷ್ಟಿಗೆ ಒಳ್ಳೆಯ ಊಟ, ವರ್ಷ ಕಳೆಯುವಷ್ಟರಲ್ಲಿ ಕಪ್ಪಾಗುತ್ತದೆ. ಬಿಸಿಲನ್ನೂ ತಡೆಯುವುದಿಲ್ಲ.

ಹೊರಾಂಗಣದ ವುಡ್ ಆಯಿಲ್ ಅಥವಾ ಸ್ಟೇನ್ ಇದಕ್ಕಿಂತ ಬೇರೆ. ಒಣಗುವ ಎಣ್ಣೆ ಅಥವಾ ತೆಳು ರಾಳ, ನೀರು ಹಿಡಿಯದಂತೆ ಮೇಣ, ಬೂಷ್ಟು ತಡೆಯುವ ಔಷಧ, ಇವೆಲ್ಲಕ್ಕಿಂತ ಮುಖ್ಯವಾಗಿ ಬಣ್ಣದ ಪುಡಿ. ಹೆಚ್ಚಾಗಿ ಐರನ್ ಆಕ್ಸೈಡ್, ಅಂದರೆ ಕೆಮ್ಮಣ್ಣಿಗೆ ಕೆಂಪು ಕೊಡುವ ಅದೇ ವಸ್ತುವಿನ ತೀರಾ ನುಣ್ಣನೆ ರೂಪ. ಅದು ಮರದ ಗೆರೆ ಮುಚ್ಚುವುದಿಲ್ಲ, ಆದರೆ ಅತಿನೇರಳೆ ಕಿರಣವನ್ನು ಚೆನ್ನಾಗಿ ತಡೆಯುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ತಡೆಯುತ್ತದೆ. ಬಿಸಿಲಿನ ಬಾಗಿಲಿಗೆ ಬಣ್ಣವಿಲ್ಲದ ಡಬ್ಬಿ ತರಲೇಬೇಡಿ. "ಕ್ಲಿಯರ್", "ನ್ಯಾಚುರಲ್" ಅಂತ ಬರೆದಿರುವುದು ಮರದ ಸಹಜ ಬಣ್ಣ ಉಳಿಸುತ್ತದೆ ಅಂದುಕೊಂಡು ಜನ ಕೊಳ್ಳುತ್ತಾರೆ, ಆ ಬಣ್ಣವನ್ನು ಎಲ್ಲಕ್ಕಿಂತ ಬೇಗ ಕಳೆದುಕೊಳ್ಳುವುದು ಅದನ್ನು ಹಚ್ಚಿದವರೇ. ತೇಗಕ್ಕೆ ತೇಗದ ಬಣ್ಣದ್ದೇ, ಅಥವಾ ಅದಕ್ಕಿಂತ ಸ್ವಲ್ಪ ಗಾಢವಾದದ್ದು ತನ್ನಿ. ತೀರಾ ಕಪ್ಪು ಕಂದು ಬೇಡ. ಗಾಢ ಬಣ್ಣ ಬಿಸಿಲನ್ನು ಹೀರಿ ಬಾಗಿಲನ್ನು ಕೈ ಇಡಲಾಗದಷ್ಟು ಕಾಯಿಸುತ್ತದೆ, ಆಗ ಪ್ಯಾನೆಲ್ ಅತಿಯಾಗಿ ಒಣಗಿ ಸೀಳಬಹುದು.

ಇದರ ಕೊರತೆಯನ್ನೂ ಹೇಳಬೇಕಲ್ವಾ. ಹೊಳಪು ಇರುವುದಿಲ್ಲ. ಗೀರು ತಡೆಯುವುದಿಲ್ಲ. ನಿಮ್ಮಂಥ ಬಾಗಿಲಿಗೆ ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಆದರೆ ಪೊರೆಯೇ ಇಲ್ಲದ ಮೇಲೆ ಏಳುವುದಕ್ಕೆ ಏನಿದೆ? ಮಾಸುತ್ತದೆ ಅಷ್ಟೇ. ಸೋಪಿನ ನೀರಿನಲ್ಲಿ ತೊಳೆದು, ಎರಡು ದಿನ ಒಣಗಿಸಿ, ಬಟ್ಟೆಯಲ್ಲಿ ಒಂದು ಕೈ ಒರೆಸಿದರೆ ಬಣ್ಣ ವಾಪಸ್ ಬರುತ್ತದೆ. ಬಾಗಿಲು ಕಳಚುವ ಕೆಲಸವೂ ಇಲ್ಲ.

ಆಯ್ಕೆಗಿಂತ ಹಚ್ಚುವ ರೀತಿಯಲ್ಲೇ ಬಾಳಿಕೆ ಜಾಸ್ತಿ ಇದೆ. ಮೊದಲು ಮರ ಒಣಗಿದೆಯೇ ನೋಡಿ. ತೇವ ಅಳೆಯುವ ಮೀಟರ್ ಬಡಗಿಯ ಹತ್ತಿರ ಇರಬಹುದು, ಶೇ. 12ರಿಂದ 15ರ ಆಸುಪಾಸು ಇದ್ದರೆ ಸರಿ. 18ರ ಮೇಲಿದ್ದರೆ ಇನ್ನೂ ಕಾಯಿರಿ. ಹಾಗಂತ ಬಿಸಿಲಿನಲ್ಲಿ ಒಣಗಲಿಕ್ಕೆ ಇಡಬೇಡಿ. ಬರಿಮರ ಎರಡು ಮೂರು ವಾರ ಬಿಸಿಲು ಕಂಡರೂ ಮೇಲ್ಮೈ ಹಾಳಾಗಿ ಮುಂದೆ ಹಚ್ಚುವ ಲೇಪದ ಹಿಡಿತ ಕಡಿಮೆಯಾಗುತ್ತದೆ. ಗಾಳಿಯಾಡುವ ನೆರಳಿನಲ್ಲಿಡಿ. ಹೊರಗೆ ಹಾಗೇ ಬಿದ್ದಿದ್ದ ಬಾಗಿಲಾಗಿದ್ದರೆ ಹಚ್ಚುವ ಮುಂಚೆ ಮತ್ತೆ ಉಜ್ಜಲೇಬೇಕು.

ಉಜ್ಜುವುದಕ್ಕೆ 80ರ ಸ್ಯಾಂಡ್‌ಪೇಪರ್‌ನಿಂದ ಶುರು ಮಾಡಿ 120, ಆಮೇಲೆ 150. ಅಲ್ಲಿಗೆ ನಿಲ್ಲಿಸಿ. ಪಾಲಿಶ್ ಮಾಡುವವರು ಅಭ್ಯಾಸಬಲದಿಂದ 320ರವರೆಗೆ ಹೋಗಿ ಗಾಜಿನಂತೆ ನುಣುಪು ಮಾಡಿಬಿಡುತ್ತಾರೆ. ಒಳಗಿನ ಮೇಜಿಗೆ ಅದು ಸರಿ, ಹೊರಬಾಗಿಲಿಗೆ ಎಣ್ಣೆ ಇಳಿಯಲು ಮರದ ಬಾಯಿ ತೆರೆದಿರಬೇಕು. ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದ ಗೀರು ಬಣ್ಣ ಕುಡಿದು ಎದ್ದು ಕಾಣುತ್ತದೆ. ಚೂಪಾದ ಅಂಚುಗಳನ್ನೆಲ್ಲ ಎರಡು ಮಿಲಿಮೀಟರಿನಷ್ಟು ದುಂಡಗೆ ಮಾಡಿಸಿ. ಇದು ಸಣ್ಣ ಕೆಲಸ, ಯಾರೂ ಮಾಡುವುದಿಲ್ಲ. ಚೂಪು ಅಂಚಿನಲ್ಲಿ ಯಾವ ಲೇಪವೂ ನಿಲ್ಲದೆ ಜಾರಿ ತೆಳುವಾಗುತ್ತದೆ, ವಾರ್ನಿಶ್ ಬಾಗಿಲುಗಳು ಮೊದಲು ಬಿರಿಯುವುದೂ ಅಲ್ಲೇ. ಸ್ಟೀಲ್ ವುಲ್ ಮಾತ್ರ ಬೇಡವೇ ಬೇಡ. ಅದರ ಕಬ್ಬಿಣದ ಚೂರು ಮರದಲ್ಲಿ ಸಿಕ್ಕಿಕೊಂಡು ನೀರು ತಾಗಿದ ಮೇಲೆ ಕಪ್ಪು ಚುಕ್ಕೆಯಾಗುತ್ತದೆ.

ತೇಗಕ್ಕೆ ಒಂದು ವಿಶೇಷ ಇದೆ. ಅದರ ಸ್ವಂತ ಎಣ್ಣೆ ಮೇಲೆ ಬಂದು, ಹಚ್ಚಿದ್ದು ಒಣಗದಂತೆ ಮಾಡುತ್ತದೆ. ಅದಕ್ಕೆ ಮೊದಲ ಕೋಟ್‌ಗೆ ಸ್ವಲ್ಪ ಮುಂಚೆ ಅಸಿಟೋನ್ ಅಥವಾ ಥಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕಂದು ಬಣ್ಣಕ್ಕೆ ತಿರುಗುವುದನ್ನು ನೋಡುತ್ತೀರಿ. ಬಟ್ಟೆ ಬದಲಿಸಿ ಇನ್ನೊಂದು ಸಲ ಒರೆಸಿ. ಆರಿದ ತಕ್ಷಣ ಲೇಪ ಶುರು ಮಾಡಿ, ನಾಳೆ ನೋಡೋಣ ಅಂತ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಹಚ್ಚುವುದು ನೆರಳಿನಲ್ಲಿ, ಬಾಗಿಲನ್ನು ಎರಡು ಸ್ಟೂಲ್ ಮೇಲೆ ಮಲಗಿಸಿ. ಬಿಸಿಲಿನಲ್ಲಿ ಕಾದ ಮರದ ಮೇಲೆ ಹಚ್ಚಿದರೆ ಒಳಗೆ ಇಳಿಯುವ ಮೊದಲೇ ಮೇಲೆ ಕೆನೆಗಟ್ಟುತ್ತದೆ. ಡಬ್ಬಿಯನ್ನು ತಳದಿಂದ ಚೆನ್ನಾಗಿ ಕಲಕಿ, ಬಣ್ಣದ ಪುಡಿ ತಳದಲ್ಲಿ ಕೂತಿರುತ್ತದೆ, ನೀವು ಹಣ ಕೊಟ್ಟಿದ್ದೇ ಅದಕ್ಕೆ. ಮೊದಲು ಪ್ಯಾನೆಲ್, ಆಮೇಲೆ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ. ಪ್ಯಾನೆಲ್ ಚೌಕಟ್ಟಿನ ಸೀಳಿನಲ್ಲಿ ಸಡಿಲವಾಗಿ ಕೂತಿರುತ್ತದೆ, ಅದು ಕುಗ್ಗಿದಾಗ ಅಂಚಿನಲ್ಲಿ ಹಚ್ಚದ ಬಿಳಿ ಗೆರೆ ಇಣುಕುತ್ತದೆ. ಆದ್ದರಿಂದ ಸಣ್ಣ ಬ್ರಷ್‌ನಿಂದ ಸೀಳಿನೊಳಗೂ ತಳ್ಳಿ. ಅಲ್ಲಿಗೆ ಸಿಲಿಕೋನ್ ಮೆತ್ತಿಸಬೇಡಿ, ಸಿಲಿಕೋನ್ ತಾಗಿದ ಮರಕ್ಕೆ ಮುಂದೆ ಏನೂ ಅಂಟುವುದಿಲ್ಲ. ಹಚ್ಚಿ ಕಾಲು ಗಂಟೆ, ಇಪ್ಪತ್ತು ನಿಮಿಷ ಬಿಟ್ಟು ಮರ ಕುಡಿಯದೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಜಾಸ್ತಿ ಬಿಟ್ಟರೆ ಜಾಸ್ತಿ ರಕ್ಷಣೆ ಅಂತ ಹಾಗೇ ಬಿಡುವವರಿದ್ದಾರೆ, ಅದು ಅಂಟಂಟಾಗಿ ಉಳಿಯುತ್ತದೆ ಅಷ್ಟೇ. ಎರಡು ಕೋಟ್ ಸಾಕು, ನಡುವಿನ ಅವಧಿ ಡಬ್ಬಿಯ ಮೇಲೆ ಬರೆದಂತೆ.

ಒರೆಸಿದ ಬಟ್ಟೆಗಳನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆ ಒಣಗುವಾಗ ಬಿಸಿ ಹುಟ್ಟಿಸುತ್ತದೆ, ಮುದ್ದೆಯೊಳಗಿನ ಬಿಸಿ ಹೊರಗೆ ಹೋಗಲಾಗದೆ ತಾನಾಗೇ ಬೆಂಕಿ ಹತ್ತಿಕೊಳ್ಳುತ್ತದೆ. ಹೆದರಿಸಲು ಹೇಳುತ್ತಿಲ್ಲ, ಹೀಗೆ ಮನೆಗಳೇ ಸುಟ್ಟಿವೆ. ಬಯಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಇನ್ನು ಬುಡ ಮತ್ತು ನೆತ್ತಿ. ಮರ ಹೆಚ್ಚು ನೀರು ಕುಡಿಯುವುದು ಮುಖದಿಂದಲ್ಲ, ಅಡ್ಡ ಕೊಯ್ದ ತುದಿಯಿಂದ. ಅಲ್ಲಿ ಎಳೆಗಳೆಲ್ಲ ತೆರೆದ ನಳಿಗೆಗಳು, ಮುಖಕ್ಕಿಂತ ಹತ್ತಾರು ಪಟ್ಟು ವೇಗವಾಗಿ ನೀರು ಎಳೆಯುತ್ತವೆ. ಉದ್ದಪಟ್ಟಿಗಳ ತುದಿ ಬರುವುದು ಬಾಗಿಲಿನ ಬುಡದಲ್ಲಿ, ಮಳೆ ನೀರು ಸಿಡಿಯುವುದೂ, ನೆಲ ಒರೆಸಿದ ನೀರು ತಾಗುವುದೂ ಅಲ್ಲೇ. ಕೂರಿಸಿದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ, ಹಾಗಾಗಿ ಎಷ್ಟೋ ಬಾಗಿಲುಗಳ ಬುಡ ಹುಟ್ಟಿದಾಗಿನಿಂದ ಏನನ್ನೂ ಕಂಡಿರುವುದಿಲ್ಲ. ಕುಡಿಯುವುದು ನಿಲ್ಲುವವರೆಗೂ ಅಲ್ಲಿಗೆ ಹಚ್ಚುತ್ತಲೇ ಇರಿ, ಮೂರು ನಾಲ್ಕು ಸಲ. ಬೀಗ, ಚಿಲಕಕ್ಕೆ ಕೊರೆದ ತೂತುಗಳ ಒಳಗೂ, ಹಿಂಜಸ್ ಕೂರುವ ಗುಂಡಿಗೂ ಇದೇ ಉಪಚಾರ. ಮೇಲೆ ಹೇಳಿದ ಇಪಾಕ್ಸಿ ಬಳಸುವುದಾದರೆ ಬುಡಕ್ಕೆ ಎಣ್ಣೆಗಿಂತ ಮೊದಲೇ ಅದನ್ನು ಕೊಡಬೇಕು. ಎಣ್ಣೆ ಕುಡಿದ ಮರಕ್ಕೆ ಇಪಾಕ್ಸಿ ಹಿಡಿಯುವುದಿಲ್ಲ.

ಮುಂದೆ ಯಾವಾಗ ಹಚ್ಚಬೇಕು ಅನ್ನುವುದಕ್ಕೆ ಕ್ಯಾಲೆಂಡರ್ ನೋಡಬೇಡಿ. ಮಳೆಗಾಲ ಶುರುವಾಗುವ ಮುಂಚೆ ಬಾಗಿಲಿನ ಕೆಳಭಾಗಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಮುತ್ತಿನಂತೆ ನಿಂತರೆ ಇನ್ನೂ ಕಾಯಬಹುದು. ಹರಡಿಕೊಂಡು ಮರ ಕಪ್ಪಾದರೆ ಒಂದು ಕೈ ಬೇಕು ಅಂತ. ಬಹಳಷ್ಟು ಸಲ ಕೆಳಗಿನ ಅರ್ಧಕ್ಕೆ ಮಾತ್ರ ಹಚ್ಚಿದರೆ ಸಾಕಾಗುತ್ತದೆ, ಮೇಲ್ಭಾಗಕ್ಕೆ ಸಜ್ಜಾದ ನೆರಳಿದೆಯಲ್ಲ. ಎರಡು ವರ್ಷ ಮರೆತು ಬೂದು ಬಣ್ಣ ಬಂದಿದ್ದರೂ ಗಾಬರಿ ಬೇಡ, 120ರಲ್ಲಿ ಉಜ್ಜಿದರೆ ತೇಗ ಕೆಳಗೆ ಹಾಗೇ ಇರುತ್ತದೆ. ಮೊಳೆ, ಸ್ಕ್ರೂ ಸುತ್ತ ಕಪ್ಪು ಕಲೆ ಬಂದಿದ್ದರೆ ಆಕ್ಸಾಲಿಕ್ ಆಮ್ಲದ ನೀರಿನಿಂದ ಹೋಗುತ್ತದೆ. ಅದು ವಿಷ, ಕೈಗವಸು ಹಾಕಿಕೊಂಡು ಹಚ್ಚಿ ಆಮೇಲೆ ಚೆನ್ನಾಗಿ ತೊಳೆಯಿರಿ.

ಕೊನೆಗೆ ಒಳಮುಖದ ಫ್ರೆಂಚ್ ಪಾಲಿಶ್. ಅರಗು ಗಾಳಿಯ ತೇವವನ್ನು ಚೆನ್ನಾಗಿ ತಡೆಯುತ್ತದೆ, ಎಣ್ಣೆ ಅಷ್ಟು ತಡೆಯುವುದಿಲ್ಲ. ಒಂದು ಮುಖ ತೇವ ಕುಡಿದು ಇನ್ನೊಂದು ಕುಡಿಯದಿದ್ದರೆ ಹಲಗೆ ಬಾಗಲು ಅದು ಸಾಕು. ಆದ್ದರಿಂದ ಒಳಗಿನದನ್ನೂ ತೆಗೆಸಿ. ಒಂದೇ ಕೈ ಅಲ್ವಾ, ಸ್ಪಿರಿಟ್ ಅದ್ದಿದ ಬಟ್ಟೆಗೆ ಕರಗಿ ಬರುತ್ತದೆ, ಉಳಿದದ್ದು 120ರ ಸ್ಯಾಂಡ್‌ಪೇಪರ್‌ಗೆ ಹೋಗುತ್ತದೆ. ಅಂಚಿನ ಕಡೆ ಪಾಲಿಶ್ ಸೋರಿ ಒಣಗಿರುವ ಜಾಗ ಇದ್ದೇ ಇರುತ್ತದೆ, ಅಲ್ಲಿ ಎಣ್ಣೆ ಇಳಿಯದೆ ಮೇಲೇ ನಿಲ್ಲುತ್ತದೆ, ಹುಡುಕಿ ತೆಗೆಸಿ. ಆಮೇಲೆ ಒಳಗೂ ಅದೇ ಎಣ್ಣೆ, ಅಷ್ಟೇ ಕೋಟ್. ಮುಂದಿನ ವರ್ಷಗಳಲ್ಲಿ ಒಳಮುಖಕ್ಕೆ ಅಷ್ಟು ಸಲ ಬೇಕಾಗುವುದಿಲ್ಲ. ಹಚ್ಚಿ ನಾಲ್ಕೈದು ದಿನ ಕಳೆದು ವಾಸನೆ ಕಡಿಮೆಯಾದ ಮೇಲೆ ಕೂರಿಸಿ. ಕೂರಿಸುವ ದಿನ ಡಬ್ಬಿಯಲ್ಲಿ ಸ್ವಲ್ಪ ಎಣ್ಣೆ, ಒಂದು ಹಳೇ ಬ್ರಷ್ ಹತ್ತಿರ ಇಟ್ಟುಕೊಂಡಿರಿ. ಬಾಗಿಲು ಎಲ್ಲೋ ತಾಗುತ್ತಿದೆ ಅಂತ ಬಡಗಿ ಬುಡವನ್ನೋ ಪಕ್ಕವನ್ನೋ ಒಂದೆರಡು ಸಲ ಉಳಿ, ಕೀಸುಳಿಯಿಂದ ಹೆರೆದೇ ಹೆರೆಯುತ್ತಾರೆ. ಹೆರೆದ ಜಾಗಕ್ಕೆ ಅಲ್ಲೇ, ಬಾಗಿಲು ಹಿಂಜಸ್‌ಗೆ ಏರುವ ಮೊದಲೇ, ಎಣ್ಣೆ ಕುಡಿಸಿಬಿಡಿ.